ಶಕುಂತಲಾ ದೇವಿ ಬರೆದ ಇನ್ನೊಂದು ಪುಸ್ತಕ

1977ರಲ್ಲಿ ಶಕುಂತಲಾ ದೇವಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಅದೇ ವರ್ಷ ಗಣಿತದ ಬಗ್ಗೆ ‘ಫಿಗರಿಂಗ್’ ಅನ್ನೋ ಪುಸ್ತಕ ಬರೆದರು. ಅದೇ ವರ್ಷ ಇನ್ನೊಂದು ಪುಸ್ತಕವೂ ಬಂತು: ‘ದಿ ವರ್ಲ್ಡ್ ಆಫ್ ಹೋಮೋಸೆಕ್ಶುವಲ್ಸ್’. ಎಂಜಿನಿಯರಿಂಗ್ ಓದುವಾಗ ನಮಗೆ ಮೊದಲಿನ ಎರಡರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದರು. ಮೂರನೆಯದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಇವತ್ತು ದತ್ತು, ಕುಟುಂಬ, ತಂದೆತಾಯಿ ಅನ್ನೋ ಪದಗಳ ಮೇಲೆ ಕೋರ್ಟಿನಲ್ಲಿ ವಾದ ನಡೀತಿರುವಾಗ ನಾವು ಓದಬೇಕಾದ ಶಕುಂತಲಾ ದೇವಿ ಈ ಮೂರನೇ ಪುಸ್ತಕದವರು.

ಅವರು ಹುಟ್ಟಿದ್ದು 1929ರ ನವೆಂಬರ್ 4ರಂದು, ಬೆಂಗಳೂರಿನ ಬಡ ಕನ್ನಡ ಬ್ರಾಹ್ಮಣ ಕುಟುಂಬದಲ್ಲಿ. ಅಪ್ಪ ಪೌರೋಹಿತ್ಯ ಒಲ್ಲದೆ ಸರ್ಕಸ್ ಸೇರಿದವರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಆಟ ಕಲಿಸುವಾಗ, ಅವಳು ಅಂಕಿಗಳನ್ನು ನೆನಪಿಡುವ ರೀತಿ ನೋಡಿ ಬೆರಗಾದರು. ಸರ್ಕಸ್ ಬಿಟ್ಟು ಮಗಳ ಪ್ರದರ್ಶನಗಳಿಗೆ ಊರೂರು ಸುತ್ತಿದರು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ. ಕ್ರಮವಾದ ಶಾಲೆ ಅವರಿಗೆ ಸಿಗಲೇ ಇಲ್ಲ. ಮನೆ ನಡೆದದ್ದು ಮಗುವಿನ ದುಡಿಮೆಯಿಂದ. ಅಪ್ಪ, ಅಮ್ಮ, ಮದುವೆ, ಜಾತಿ ಎಲ್ಲವೂ ಸಮಾಜ ಬಯಸುವಂತೆಯೇ ಇದ್ದ ಮನೆ ಅದು. ಆದರೂ ಆ ಮಗುವಿಗೆ ಬಾಲ್ಯ ಇರಲಿಲ್ಲ.

1944ರಲ್ಲಿ ಅಪ್ಪನ ಜೊತೆ ಲಂಡನ್ನಿಗೆ ಹೋದರು. ಮುಂದೆ ದೇಶ ದೇಶ ಸುತ್ತಿದರು. ಅರವತ್ತರ ದಶಕದಲ್ಲಿ ಭಾರತಕ್ಕೆ ಮರಳಿ, ಕೋಲ್ಕತ್ತದ ಐಎಎಸ್ ಅಧಿಕಾರಿ ಪರಿತೋಷ್ ಬ್ಯಾನರ್ಜಿ ಅವರನ್ನು ಮದುವೆಯಾದರು. ಒಬ್ಬ ಮಗಳು. 1979ರಲ್ಲಿ ವಿಚ್ಛೇದನ. ತನ್ನ ಗಂಡ ಸಲಿಂಗಿಯಾಗಿದ್ದರು, ಅವರನ್ನು ಅರ್ಥ ಮಾಡಿಕೊಳ್ಳಲು ಹೊರಟಾಗಲೇ ಈ ವಿಷಯ ಓದತೊಡಗಿದೆ ಎಂದು ಶಕುಂತಲಾ ದೇವಿ ಮುಂದೆ ಸಾಕ್ಷ್ಯಚಿತ್ರವೊಂದರಲ್ಲಿ ಹೇಳಿಕೊಂಡರು. 2020ರ ಹಿಂದಿ ಸಿನಿಮಾ ಅದನ್ನು ಬೇರೆ ಥರ ತೋರಿಸಿತು. ಆ ದಾಂಪತ್ಯದ ಸತ್ಯ ತೀರ್ಮಾನಿಸುವ ಕೆಲಸ ನನ್ನದಲ್ಲ. ಪುಸ್ತಕ ಅಂತೂ ಕಣ್ಣ ಮುಂದಿದೆ.

ಅದು ಬಂದಾಗ ತುರ್ತುಪರಿಸ್ಥಿತಿ ಮುಗಿದ ವರ್ಷ. ಬ್ರಿಟಿಷರು ಬಿಟ್ಟುಹೋದ 377ನೇ ಕಲಮಿನಡಿ ಸಲಿಂಗ ಸಂಬಂಧ ಅಪರಾಧ. ಅಂಥ ಹೊತ್ತಲ್ಲಿ ಅವರು ಇಬ್ಬರು ಭಾರತೀಯ ಯುವಕರನ್ನು ಮಾತಾಡಿಸಿದರು. ಕಾನೂನುಬದ್ಧ ಮದುವೆಗೆ ಹೋರಾಡುತ್ತಿದ್ದ ಕೆನಡಾದ ಗಂಡು ಜೋಡಿಯೊಂದನ್ನು ಮಾತಾಡಿಸಿದರು. ಶ್ರೀರಂಗಂ ದೇವಸ್ಥಾನದ ಅರ್ಚಕರೊಬ್ಬರನ್ನೂ ಕೇಳಿದರು. ಅವರು ಬೈಯಲಿಲ್ಲ, ಇವರು ಹಿಂದಿನ ಜನ್ಮದ ಪ್ರೇಮಿಗಳಿರಬೇಕು, ದೇಹ ಬದಲಾದರೂ ಆತ್ಮ ಬದಲಾಗಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಕಾನೂನು ಬದಲಾಗಬೇಕು, ಅಷ್ಟೇ ಸಾಲದು, ಬರೀ ಸಹಿಸಿಕೊಂಡರೆ ಅಥವಾ ಅನುಕಂಪ ತೋರಿದರೆ ಆಗಲ್ಲ, ಪೂರ್ತಿ ಒಪ್ಪಿಕೊಳ್ಳಬೇಕು ಅನ್ನೋದು ಪುಸ್ತಕದ ವಾದ. ಭಾರತದಲ್ಲಿ ಈ ವಿಷಯದ ಮೊದಲ ಅಧ್ಯಯನಗಳಲ್ಲಿ ಒಂದು ಎಂದು ಇವತ್ತು ಅದನ್ನು ಗುರುತಿಸುತ್ತಾರೆ. ಬಂದಾಗ ಹೆಚ್ಚು ಜನ ಗಮನಿಸಲಿಲ್ಲ.

1980ರಲ್ಲಿ ಅವರು ದಕ್ಷಿಣ ಮುಂಬೈಯಿಂದಲೂ, ಮೇದಕ್‌ನಲ್ಲಿ ಇಂದಿರಾ ಗಾಂಧಿ ಎದುರೂ ಲೋಕಸಭೆಗೆ ನಿಂತು ಸೋತರು. ಅದೇ ಜೂನ್‌ನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಗಿನ್ನೆಸ್ ಸೇರಿದ್ದು ಈ ಲೆಕ್ಕ. 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅದನ್ನು ನೋಡಲು ಅವರಿರಲಿಲ್ಲ.

ಅವರು ಕೇಳಿದ ಪೂರ್ತಿ ಒಪ್ಪಿಗೆ ಎಲ್ಲಿಗೆ ಬಂತು? ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ಜೋಡಿಯಾಗಿ ಬಾಳ್ತಿದ್ದಾರೆ, ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕ್ತಾರೆ ಅಂದುಕೊಳ್ಳಿ. 2024ರ ಕೇಂದ್ರದ ಸ್ಪಷ್ಟೀಕರಣದ ಪ್ರಕಾರ ಇಬ್ಬರೂ ಒಂದೇ ರೇಷನ್ ಕಾರ್ಡಿನಲ್ಲಿ ಇರಬಹುದು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು. ಆದರೆ ಜೋಡಿಯಾಗಿ ಮಗು ದತ್ತು ಪಡೆಯೋ ಹಾಗಿಲ್ಲ. 2022ರ ದತ್ತು ನಿಯಮಗಳು ಜೋಡಿಗೆ ಎರಡು ವರ್ಷದ ಸ್ಥಿರ ವೈವಾಹಿಕ ಸಂಬಂಧ ಕೇಳುತ್ತವೆ, ಮದುವೆಯನ್ನು ಕಾನೂನು ಇವರಿಗೆ ಕೊಟ್ಟಿಲ್ಲ. ಒಬ್ಬಾಕೆ ಒಂಟಿ ಮಹಿಳೆಯಾಗಿ ದತ್ತು ತಗೊಂಡಳು ಅಂದುಕೊಳ್ಳಿ. ಆಗ ಇನ್ನೊಬ್ಬಾಕೆ, ರಾತ್ರಿ ಜ್ವರಕ್ಕೆ ಎದ್ದು ಕೂರುವವಳು, ಕಾಗದದಲ್ಲಿ ಯಾರೂ ಅಲ್ಲ. ದತ್ತು ತಾಯಿ ಸತ್ತರೆ ಮಗು ಇವಳ ಹತ್ತಿರವೇ ಉಳಿಯುತ್ತದೆ ಅನ್ನೋ ಖಾತ್ರಿ ಇಲ್ಲ. ಇವಳು ವಿಲ್ ಬರೆಯದೆ ಸತ್ತರೆ ಇವಳ ಹಸು, ಮನೆ ಮಗುವಿಗೆ ಬರಲ್ಲ. ಶಿಕ್ಷೆ ಯಾರಿಗೆ? ಮಗುವಿಗೆ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಈ ದತ್ತು ನಿಯಮ ತಾರತಮ್ಯ ಮಾಡುತ್ತದೆ ಎಂದರು, ಮೂವರು ಹಾಗೇ ಉಳಿಸಿದರು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಮದುವೆಯಾದ ಗಂಡುಹೆಣ್ಣಿನ ಮನೆಯಲ್ಲೇ ಮಗುವಿಗೆ ಕ್ಷೇಮ ಅನ್ನೋ ನಂಬಿಕೆ ಇದರ ಹಿಂದಿದೆ. ಆರನೇ ವಯಸ್ಸಿಗೆ ಮನೆಗೆ ದುಡಿದು ಹಾಕಿದ ಬೆಂಗಳೂರಿನ ಹುಡುಗಿಯ ಬದುಕು ಆ ನಂಬಿಕೆಗೆ ಪುರಾವೆ ಕೊಡಲ್ಲ. ಕ್ಷೇಮ ಬರೋದು ಜವಾಬ್ದಾರಿ ಹೊರುವ ದೊಡ್ಡವರಿಂದ, ಆ ಜವಾಬ್ದಾರಿಗೆ ಕಾನೂನಿನ ಬೆಂಬಲ ಇದ್ದಾಗ.

ಇದು ಬರೀ ಎಡಪಂಥೀಯರ ಬೇಡಿಕೆ ಅನ್ನುವವರಿಗೆ ಒಂದು ಮಾತು. ಬಿಜೆಪಿಯ ಸುಶೀಲ್ ಕುಮಾರ್ ಮೋದಿ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿಯೇ 2022ರಲ್ಲಿ, ಎಲ್‌ಜಿಬಿಟಿಕ್ಯೂ ಸಮುದಾಯವನ್ನೂ ಒಳಗೊಳ್ಳುವ ಏಕರೂಪದ ದತ್ತು ಕಾನೂನು ಬೇಕು ಎಂದು ಶಿಫಾರಸು ಮಾಡಿದೆ. ಮುಂದಿನ ಸಲ ನಿಮ್ಮ ಸಂಸದರು ಓಟು ಕೇಳೋಕೆ ಬಂದಾಗ ಆ ವರದಿ ಎಲ್ಲಿಗೆ ಬಂತು ಅಂತ ಕೇಳಿ. ಶಕುಂತಲಾ ದೇವಿಯ ಪುಸ್ತಕಕ್ಕೆ ಆಗಲೇ ಅರ್ಧ ಶತಮಾನ ಆಗ್ತಾ ಬಂತು.