ಬೈಕ್ ವಾಲಿಸುವ ಲೆಕ್ಕ ಬದಲಿಸಿದ ಎಂಜಿನಿಯರ್: 27ಕ್ಕೇ ಮುಗಿದ ಯಾರ್ನೋ ಸಾರಿನೆನ್ ಓಟ

ಇಂದು ಮೋಟೋಜಿಪಿ ರೇಸ್ ನೋಡುವವರಿಗೆ ಟಿವಿ ಪರದೆಯ ಮೇಲೊಂದು ಅಂಕಿ ಕಾಣುತ್ತದೆ. ತಿರುವಿನಲ್ಲಿ ಬೈಕ್ ಎಷ್ಟು ಡಿಗ್ರಿ ವಾಲಿದೆ ಎಂಬ ಲೆಕ್ಕ ಅದು. ಅದು 60 ಡಿಗ್ರಿ ದಾಟುವುದೂ ಉಂಟು. 2023ರಲ್ಲಿ ದೆಹಲಿ ಸಮೀಪದ ಬುದ್ಧ ಸರ್ಕ್ಯೂಟ್‌ಗೆ ಬಂದಿದ್ದ ಸವಾರರೆಲ್ಲ ಸೀಟಿನಿಂದ ಪಕ್ಕಕ್ಕೆ ಜಾರಿ, ಮೊಣಕಾಲು ನೆಲಕ್ಕೆ ತಾಗಿಸಿಯೇ ತಿರುವು ದಾಟಿದ್ದರು. ಈ ಶೈಲಿಗೆ ದಾರಿ ತೋರಿಸಿದವರಲ್ಲಿ ಒಬ್ಬ, ಸೆನ್ಸರ್‌ಗಳೇ ಇಲ್ಲದ ಕಾಲದ ಫಿನ್ಲೆಂಡ್ ಸವಾರ ಯಾರ್ನೋ ಸಾರಿನೆನ್.

ಮಂಜುಗಡ್ಡೆಯೇ ಮೊದಲ ಪಾಠಶಾಲೆ

ಸಾರಿನೆನ್ ಹುಟ್ಟಿದ್ದು 1945ರ ಡಿಸೆಂಬರ್ 11ರಂದು, ಫಿನ್ಲೆಂಡ್‌ನ ಟುರ್ಕು ನಗರದಲ್ಲಿ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ನಡೆಯುವ ರೇಸ್‌ಗಳಲ್ಲಿ ಪಳಗಿದ. ಚಕ್ರ ಜಾರುವಾಗಲೂ ಹಿಡಿತ ಬಿಡದಿರುವುದನ್ನು ಅಲ್ಲಿ ಕಲಿತ. ಜೊತೆಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ. ಹಾಗಾಗಿ ತನ್ನ ಬೈಕ್ ಅನ್ನು ತಾನೇ ಬಿಚ್ಚಿ ಜೋಡಿಸುವುದು, ಹ್ಯಾಂಡಲ್‌ಬಾರ್‌ನ ಕೋನವನ್ನು ತನ್ನ ಮೈಗೆ ತಕ್ಕಂತೆ ಬದಲಿಸುವುದು ಅವನಿಗೆ ಸಲೀಸು.

ತಿರುವಿನಲ್ಲಿ ಬೈಕ್ ಬೀಳದಿರಬೇಕಾದರೆ ಒಳಕ್ಕೆ ವಾಲಲೇಬೇಕು. ಬೈಕ್ ಮತ್ತು ಸವಾರ ಸೇರಿ 45 ಡಿಗ್ರಿ ವಾಲಿದಾಗ, ಅಡ್ಡಕ್ಕೆ ಬೀಳುವ ಬಲ ಅವರ ಒಟ್ಟು ತೂಕದಷ್ಟಾಗುತ್ತದೆ. ಅದೇ ತಿರುವಿನಲ್ಲಿ ವೇಗ ದುಪ್ಪಟ್ಟಾದರೆ ಆ ಬಲ ನಾಲ್ಕು ಪಟ್ಟಾಗುತ್ತದೆ. ಸವಾರ ತನ್ನ ಮೈಯನ್ನು ಒಳಬದಿಗೆ ತಂದರೆ ಒಟ್ಟು ಭಾರವೂ ಒಳಕ್ಕೆ ಸರಿಯುತ್ತದೆ. ಆಗ ಅದೇ ವೇಗಕ್ಕೆ ಬೈಕ್ ಕಡಿಮೆ ವಾಲಿದರೂ ಸಾಕು. ಇಂದು ಟ್ರ್ಯಾಕ್‌ನಲ್ಲಿ ಕಲಿಯುವವರು ಎರಡು ಲ್ಯಾಪ್‌ಗಳ ದತ್ತಾಂಶ ಹೋಲಿಸಿ ನೋಡುವುದೂ ಇದನ್ನೇ. ಹೆಚ್ಚು ವಾಲಿಸಿದವನೇ ಜಾಣನಲ್ಲ, ಅದೇ ವೇಗದಲ್ಲಿ ಕಡಿಮೆ ವಾಲಿಸಿ, ಬೇಗ ಬೈಕ್ ನೆಟ್ಟಗೆ ಮಾಡಿದವನು ಜಾಣ.

ಚಾಂಪಿಯನ್ ಪಟ್ಟ

1970ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಇಳಿದ ಸಾರಿನೆನ್, 1972ರಲ್ಲಿ ಯಮಹಾ ಬೈಕ್‌ನಲ್ಲಿ 250 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಆದ. ಅದೇ ವರ್ಷ ಕ್ಯಾಲಿಫೋರ್ನಿಯಾದ ಒಂಟಾರಿಯೋ ಟ್ರ್ಯಾಕ್‌ನಲ್ಲಿ ಅವನ ಸವಾರಿ ಗಮನಿಸಿದ ಅಮೆರಿಕದ ಯುವಕ ಕೆನ್ನಿ ರಾಬರ್ಟ್ಸ್, ಆ ಶೈಲಿಯನ್ನು ತನ್ನದಾಗಿಸಿಕೊಂಡು ಮುಂದೆ 1978ರಿಂದ ಸತತ ಮೂರು ಬಾರಿ 500 ಸಿಸಿ ವಿಶ್ವ ಚಾಂಪಿಯನ್ ಆದ.

1973 ಸಾರಿನೆನ್‌ನ ವರ್ಷವಾಗಬೇಕಿತ್ತು. ಡೇಟೋನಾ 200 ರೇಸ್‌ನಲ್ಲಿ 750 ಸಿಸಿ ಬೈಕ್‌ಗಳ ನಡುವೆ ಪುಟ್ಟ 350 ಸಿಸಿ ಯಮಹಾ ಓಡಿಸಿ ಗೆದ್ದ. ಇಮೋಲಾ 200 ಕೂಡ ಅವನ ಪಾಲಾಯಿತು. ಯಮಹಾದ ಹೊಸ ನಾಲ್ಕು ಸಿಲಿಂಡರ್‌ನ 500 ಸಿಸಿ ಬೈಕ್‌ನಲ್ಲಿ ಫ್ರಾನ್ಸ್ ಮತ್ತು ಆಸ್ಟ್ರಿಯಾ ಗ್ರ್ಯಾನ್ ಪ್ರಿಗಳನ್ನೂ ಗೆದ್ದ.

ಮೋನ್ಜಾದ ಕರಾಳ ದಿನ

ಮೇ 20, 1973. ಇಟಲಿಯ ಮೋನ್ಜಾದಲ್ಲಿ 250 ಸಿಸಿ ರೇಸ್‌ನ ಮೊದಲ ಲ್ಯಾಪ್. ಕುರ್ವಾ ಗ್ರಾಂಡೆ ಎಂಬ ವೇಗದ ತಿರುವಿನಲ್ಲಿ ಮುಂದಿದ್ದ ಇಟಲಿಯ ರೆಂಜೋ ಪಾಸೊಲಿನಿ ಉರುಳಿದ. ಹಿಂದಿದ್ದ ಸಾರಿನೆನ್‌ಗೆ ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. ಹತ್ತಕ್ಕೂ ಹೆಚ್ಚು ಸವಾರರು ಒಬ್ಬರ ಮೇಲೊಬ್ಬರು ಬಿದ್ದರು. ಪಾಸೊಲಿನಿ, ಸಾರಿನೆನ್ ಇಬ್ಬರೂ ಮೃತಪಟ್ಟರು. ಸಾರಿನೆನ್‌ಗೆ ಆಗಿನ್ನೂ 27 ವರ್ಷ. ಪತ್ನಿ ಸೊಯ್ಲಿ ಅವನನ್ನು ಕಳೆದುಕೊಂಡಳು.

ಪಾಸೊಲಿನಿಯ ಎಂಜಿನ್ ಜಾಮ್ ಆಯಿತೇ, ಹಿಂದಿನ 350 ಸಿಸಿ ರೇಸ್‌ನಲ್ಲಿ ಸೋರಿದ ಎಣ್ಣೆ ಕಾರಣವೇ ಎಂಬ ವಾದ ಇಂದಿಗೂ ನಿಂತಿಲ್ಲ. ಆದರೆ ಟ್ರ್ಯಾಕ್‌ಗೆ ಅಂಟಿಕೊಂಡಂತಿದ್ದ ಲೋಹದ ತಡೆಬೇಲಿ ಅಪಾಯಕಾರಿ ಎಂಬುದು ಎಲ್ಲರಿಗೂ ಮನದಟ್ಟಾಯಿತು. ಯಮಹಾ ತಂಡ ಆ ವರ್ಷದ ಉಳಿದ ಸ್ಪರ್ಧೆಗಳಿಂದ ಹಿಂದೆ ಸರಿಯಿತು. ಮರುವರ್ಷ ಇಟಲಿಯ ಗ್ರ್ಯಾನ್ ಪ್ರಿ ಇಮೋಲಾಗೆ ಸ್ಥಳಾಂತರವಾಯಿತು.

ಒಟ್ಟು 15 ಗ್ರ್ಯಾನ್ ಪ್ರಿ ಗೆಲುವುಗಳ ಈ ಸವಾರನ ಹೆಸರು 2009ರಲ್ಲಿ ಮೋಟೋಜಿಪಿ ದಿಗ್ಗಜರ ಪಟ್ಟಿಗೆ ಸೇರಿತು. ವಾಲುವ ಕೋನ ಸವಾರನ ಕೈಯಲ್ಲಿದೆ, ಅದನ್ನು ಕಲಿಸಲು ಇಂದು ಸೆನ್ಸರ್ ಇದೆ. ಬಿದ್ದ ಮೇಲೆ ಉಳಿಯಲು ಬೇಕಾದ ಜಾಗ ಮಾತ್ರ ಟ್ರ್ಯಾಕ್ ಕಟ್ಟುವವರ ಕೈಯಲ್ಲಿದೆ. ಅಂದು ಮೋನ್ಜಾದಲ್ಲಿ ಸಾರಿನೆನ್‌ಗೆ ಸಿಗದೇ ಹೋದದ್ದು ಆ ಜಾಗ.