ಶಾಖದ ಲೆಕ್ಕ ಬರೆದ ಸಾದಿ

ಸಾದಿ ಎಂದರೆ ಉರ್ದು ಮಾತಾಡುವ ನಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಾಗುವುದು ಗುಲಿಸ್ತಾನ್ ಬರೆದ ಶಿರಾಜಿನ ಕವಿ. ಅದೇ ಹೆಸರಿನ ಫ್ರೆಂಚ್ ಎಂಜಿನಿಯರ್ ಒಬ್ಬರಿದ್ದರು ಎಂದು ಸೈನ್ಸ್ ವಿಭಾಗದ ಗೆಳೆಯ ಹೇಳಿದಾಗ ನಾನು ನಂಬಲಿಲ್ಲ. ಆದರೆ ಅದು ನಿಜ. ತಂದೆ ಲಾಜಾರ್ ಕಾರ್ನೋ ಫ್ರಾನ್ಸಿನ ಕ್ರಾಂತಿಯ ಕಾಲದ ದೊಡ್ಡ ನಾಯಕರು, ಗಣಿತವನ್ನೂ ಬಲ್ಲವರು. 1796ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಮಗನಿಗೆ ಆ ಪರ್ಷಿಯನ್ ಕವಿಯ ಹೆಸರನ್ನೇ ಇಟ್ಟರು.

ಸಾದಿ ಕಾರ್ನೋ 16ನೇ ವಯಸ್ಸಿಗೇ, ಅಂದರೆ ನನಗಿಂತ ಒಂದು ವರ್ಷ ಚಿಕ್ಕವರಿದ್ದಾಗ, ಎಕೋಲ್ ಪಾಲಿಟೆಕ್ನಿಕ್ ಸೇರಿದರು. ಆಮೇಲೆ ಸೇನೆಯಲ್ಲಿ ಎಂಜಿನಿಯರ್ ಆದರು. 1815ರಲ್ಲಿ ನೆಪೋಲಿಯನ್ ಸೋತ ಮೇಲೆ, ಅವನ ಮಂತ್ರಿಯಾಗಿದ್ದ ತಂದೆ ದೇಶ ಬಿಡಬೇಕಾಯಿತು. ಅವರು ಜರ್ಮನಿಯಲ್ಲೇ ತೀರಿಕೊಂಡರು.

ಆಗ ಇಂಗ್ಲೆಂಡಿನ ಬಲವೆಲ್ಲ ಉಗಿಯಂತ್ರಗಳಲ್ಲಿತ್ತು. ಕಾರ್ನೋ ಕೇಳಿಕೊಂಡ ಪ್ರಶ್ನೆ ನಮ್ಮ ಕಾಮರ್ಸ್ ಪ್ರಶ್ನೆಯಂತೆಯೇ ಇದೆ: ಇಷ್ಟು ಶಾಖ ಖರ್ಚು ಮಾಡಿದರೆ ಹೆಚ್ಚೆಂದರೆ ಎಷ್ಟು ಕೆಲಸ ಸಿಗುತ್ತದೆ? ನೀರು ಎತ್ತರದಿಂದ ಬಿದ್ದು ಚಕ್ರ ತಿರುಗಿಸುವಂತೆ, ಶಾಖ ಬಿಸಿ ಕಡೆಯಿಂದ ತಣ್ಣನೆಯ ಕಡೆಗೆ ಇಳಿಯುವಾಗ ಕೆಲಸ ಮಾಡುತ್ತದೆ; ಆ ಮಿತಿಯನ್ನು ನಿರ್ಧರಿಸುವುದು ಎರಡು ಕಡೆಯ ಉಷ್ಣತೆ ಮಾತ್ರ ಎಂದರು. ಇದೇ ಯಂತ್ರವನ್ನು ತಿರುಗಾಮುರುಗಾ ನಡೆಸಿದರೆ, ಕೆಲಸ ಖರ್ಚು ಮಾಡಿ ಶಾಖವನ್ನು ತಣ್ಣನೆಯ ಕಡೆಯಿಂದ ಬಿಸಿ ಕಡೆಗೆ ಏರಿಸಬಹುದು ಎಂದೂ ತೋರಿಸಿದರು.

ಇಂದಿನ ಹೀಟ್ ಪಂಪ್ ಮಾಡುವುದು ಇದನ್ನೇ. ಫ್ರಾನ್ಸಿನಲ್ಲಿ ಹಿತ್ತಲಲ್ಲಿ ಈಜುಕೊಳ ಇರುವ ಮನೆಗಳು ಬಹಳ, ಎಷ್ಟೋ ಮಂದಿ ನೀರು ಬೆಚ್ಚಗಿಡಲು ಇದನ್ನು ಬಳಸುತ್ತಾರೆ. ಸಾಮಾನ್ಯ ಕಾಯಿಲ್ ಹೀಟರ್ 1 ಯೂನಿಟ್ ಕರೆಂಟಿಗೆ 1 ಯೂನಿಟ್ ಶಾಖ ಕೊಡುತ್ತದೆ. ಹೀಟ್ ಪಂಪ್ ಹವೆ ಚೆನ್ನಾಗಿದ್ದರೆ ಸುಮಾರು 5 ಯೂನಿಟ್ ಕೊಡುತ್ತದೆ. 1 ಹಾಕಿ 5 ತೆಗೆಯುವುದೆಂದರೆ ಅಕೌಂಟೆನ್ಸಿ ಓದುವ ಯಾರಿಗೂ ಅನುಮಾನ ಬರಬೇಕು! ಆದರೆ ಉಳಿದ 4 ಹೊರಗಿನ ಗಾಳಿಯ ಖಾತೆಯಿಂದ ಬಂದದ್ದು. ಲೆಕ್ಕ ಸರಿಯಾಗಿ ತಾಳೆಯಾಗುತ್ತದೆ. ಗಾಳಿ 18 ಡಿಗ್ರಿ ಇದ್ದು ಕೊಳಕ್ಕೆ 28 ಡಿಗ್ರಿ ಸಾಕಾದರೆ ಶಾಖವನ್ನು ಏರಿಸಬೇಕಾದದ್ದು 10 ಡಿಗ್ರಿಯಷ್ಟೇ. ಸ್ನಾನದ ನೀರನ್ನು 60 ಡಿಗ್ರಿಗೆ ತರಬೇಕಾದರೆ 42 ಡಿಗ್ರಿ ಏರಿಸಬೇಕು, ಖರ್ಚೂ ಏರುತ್ತದೆ. ಅದಕ್ಕೇ ಮಧ್ಯಾಹ್ನ ಗಾಳಿ ಬೆಚ್ಚಗಿರುವಾಗ ಪಂಪ್ ಓಡಿಸಿ, ರಾತ್ರಿ ಕೊಳವನ್ನು ಮುಚ್ಚಿಡುವುದು ಲಾಭ. ನೀರು ಆವಿಯಾಗುವಾಗಲೇ ಹೆಚ್ಚು ಶಾಖ ಹೋಗುವುದು.

ಇದಕ್ಕೆಲ್ಲ ಬುನಾದಿಯಾದ ಪುಸ್ತಕ 1824ರಲ್ಲಿ ಹೊರಬಂತು. 118 ಪುಟ, 600 ಪ್ರತಿ. ಕೊಂಡವರು ತೀರ ಕಡಿಮೆ. ಕಾರ್ನೋ ಇನ್ನೊಂದು ಪುಸ್ತಕ ಅಚ್ಚು ಹಾಕಿಸಲೇ ಇಲ್ಲ.

1832ರ ಆಗಸ್ಟ್ 24ರಂದು ಕಾಲರಾ ಬಂದು ತೀರಿಕೊಂಡರು. ಆಗ ಅವರಿಗೆ 36 ವರ್ಷ. ಸೋಂಕಿನ ಭಯದಿಂದ ಅವರ ಸಾಮಾನುಗಳ ಜೊತೆ ಕಾಗದಪತ್ರಗಳೂ ಬಹುಪಾಲು ನಾಶವಾದವು. ನನಗೆ ಸಾವಿಗಿಂತ ಈ ಮಾತು ಓದಿ ಹೆಚ್ಚು ಬೇಸರವಾಯಿತು.

1845ರಲ್ಲಿ ವಿಲಿಯಂ ಥಾಮ್ಸನ್ ಎಂಬ ತರುಣ ಈ ಪುಸ್ತಕಕ್ಕಾಗಿ ಪ್ಯಾರಿಸ್ಸಿನ ಅಂಗಡಿಗಳನ್ನೆಲ್ಲ ಸುತ್ತಿದರು. ಅಂಗಡಿಯವರಿಗೆ ಲೇಖಕರ ಹೆಸರೇ ಗೊತ್ತಿರಲಿಲ್ಲ. ಇದೇ ಥಾಮ್ಸನ್ ಮುಂದೆ ಲಾರ್ಡ್ ಕೆಲ್ವಿನ್ ಆದರು. 1852ರಲ್ಲಿ ಕಾರ್ನೋ ದಾರಿಯಲ್ಲೇ ನಡೆದು, ಯಂತ್ರವನ್ನು ತಿರುಗಿಸಿ ಕಟ್ಟಡಗಳನ್ನು ಬೆಚ್ಚಗಿಡುವ ಉಪಾಯ ಮುಂದಿಟ್ಟರು.

ಉಳಿದಿದ್ದ ಕೆಲವು ಹಾಳೆಗಳನ್ನು ತಮ್ಮ ಹಿಪ್ಪೊಲಿಟ್ 1878ರಲ್ಲಿ ಪ್ರಕಟಿಸಿದರು. ಶಾಖವೆಂಬುದು ಒಂದು ದ್ರವ್ಯ ಎಂದು ಪುಸ್ತಕದಲ್ಲಿ ಒಪ್ಪಿದ್ದ ಕಾರ್ನೋ, ಆ ಹಾಳೆಗಳಲ್ಲಿ ಅದನ್ನು ಕೈಬಿಟ್ಟು, ಶಾಖ ಮತ್ತು ಕೆಲಸ ಒಂದಕ್ಕೊಂದು ಬದಲಾಗುತ್ತವೆ ಎಂದು ಲೆಕ್ಕ ಹಾಕಿದ್ದರು. ಅಷ್ಟು ಹೊತ್ತಿಗೆ ಬೇರೆಯವರು ಅದನ್ನು ಕಂಡುಹಿಡಿದು ಹೆಸರು ಪಡೆದಾಗಿತ್ತು.