ಬಾಲ್ಟಿಮೋರ್ ಪ್ರಭು ಜಾರ್ಜ್ ಕ್ಯಾಲ್ವರ್ಟ್

ದೇವಾಲಯದ ಗಂಟೆ ಬಾರಿಸಿ, ಬಾಗಿಲು ತೆರೆದಿಟ್ಟು, ಎಲ್ಲರ ಕಣ್ಣೆದುರಿನಲ್ಲಿ ಬಲಿಪೂಜೆ ಅರ್ಪಿಸುವುದು ನಮಗೆ ನಿತ್ಯದ ಸಂಗತಿ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಅಪರಾಧವಾಗಿತ್ತು. ಬಲಿಪೂಜೆಯಲ್ಲಿ ಭಾಗವಹಿಸಿದವರಿಗೆ ದಂಡ ವಿಧಿಸುವ, ಗುರುಗಳಿಗೆ ಮರಣದಂಡನೆ ನೀಡುವ ಕಾನೂನುಗಳಿದ್ದವು. ಧರ್ಮಸಭೆಯ ಮೇಲೆಯೂ ಅರಸನೇ ಪರಮಾಧಿಕಾರಿಯೆಂದು ಪ್ರಮಾಣ ಮಾಡದವನು ರಾಜ್ಯದ ಉನ್ನತ ಪದವಿಯಲ್ಲಿ ಉಳಿಯುವುದು ದುಸ್ತರವಾಗಿತ್ತು. ಅಂತಹ ಕಾಲದಲ್ಲಿ ಮಂತ್ರಿಪದವಿಯನ್ನು ತೊರೆದು ಕಥೋಲಿಕ ವಿಶ್ವಾಸವನ್ನು ಒಪ್ಪಿಕೊಂಡ ಶ್ರೀಮಂತನೊಬ್ಬನ ಜೀವನವನ್ನು ನಾವಿಲ್ಲಿ ಸ್ಮರಿಸುತ್ತೇವೆ.

ಜಾರ್ಜ್ ಕ್ಯಾಲ್ವರ್ಟನು ಸುಮಾರು 1580ರಲ್ಲಿ ಯಾರ್ಕ್‌ಷೈರ್ ಪ್ರಾಂತದ ಕಿಪ್ಲಿನ್ ಎಂಬಲ್ಲಿ ಜನಿಸಿದನು. ಮನೆಯವರು ಕಥೋಲಿಕರು. ಆದರೆ ಅಧಿಕಾರಿಗಳ ಒತ್ತಡಕ್ಕೆ ಮಣಿದು ತಂದೆಯು ಮಕ್ಕಳನ್ನು ಪ್ರಾಟೆಸ್ಟಂಟ್ ಉಪಾಧ್ಯಾಯನ ವಶಕ್ಕೆ ಒಪ್ಪಿಸಬೇಕಾಯಿತು. ಬಾಲಕನು ರಾಜಮತದಲ್ಲಿಯೇ ಬೆಳೆದು, ಆಕ್ಸ್‌ಫರ್ಡಿನಲ್ಲಿ 1597ರಲ್ಲಿ ಪದವಿ ಪಡೆದನು. ಅನಂತರ ಪ್ರಬಲ ಮಂತ್ರಿ ರಾಬರ್ಟ್ ಸೆಸಿಲನ ಕಾರ್ಯದರ್ಶಿಯಾಗಿ ಸೇವೆಗೆ ಸೇರಿದನು. ಆ ಉಪಕಾರದ ನೆನಪಿಗಾಗಿ ತನ್ನ ಹಿರಿಯ ಮಗನಿಗೆ ಸೆಸಿಲ್ ಎಂದೇ ಹೆಸರಿಟ್ಟನು. 1619ರಲ್ಲಿ ಒಂದನೆಯ ಜೇಮ್ಸ್ ಅರಸನು ಅವನನ್ನು ರಾಜ್ಯದ ಕಾರ್ಯದರ್ಶಿಯನ್ನಾಗಿ ನೇಮಿಸಿದನು. ಯುವರಾಜ ಚಾರ್ಲ್ಸನಿಗೆ ಸ್ಪೇನಿನ ರಾಜಕುಮಾರಿಯನ್ನು ತರುವ ಸಂಧಾನಕ್ಕೆ ಕ್ಯಾಲ್ವರ್ಟನು ಬೆಂಬಲವಾಗಿ ನಿಂತನು. ಅದು ಮುರಿದುಬಿದ್ದಾಗ ಆಸ್ಥಾನದಲ್ಲಿ ಅವನ ಪ್ರಭಾವವೂ ಕುಗ್ಗಿತು.

1625ರ ಫೆಬ್ರವರಿಯಲ್ಲಿ ಅವನು ಪದವಿಯನ್ನು ತ್ಯಜಿಸಿ ತಾನು ಕಥೋಲಿಕನೆಂದು ಪ್ರಕಟಪಡಿಸಿದನು. ಜೇಮ್ಸನು ಮುನಿಯಲಿಲ್ಲ. ಐರ್ಲೆಂಡಿನ ಬಾಲ್ಟಿಮೋರ್ ಪ್ರಭುವೆಂಬ ಬಿರುದನ್ನಿತ್ತು ಗೌರವಿಸಿದನು. ಆದರೆ ಮರುತಿಂಗಳೇ ಜೇಮ್ಸನು ತೀರಿಕೊಂಡನು. ಹೊಸ ಅರಸನ ಕಾಲದಲ್ಲಿ ಪ್ರಮಾಣವಚನದ ಪ್ರಶ್ನೆ ಎದುರಾದಾಗ, ಕ್ಯಾಲ್ವರ್ಟನು ಅದನ್ನು ನಿರಾಕರಿಸಿ ರಾಜಮಂತ್ರಾಲೋಚನಾ ಸಭೆಯಿಂದಲೂ ಹೊರಬಂದನು. ಅಧಿಕಾರವೊಂದನ್ನೇ ನಂಬಿ ಮೇಲೇರಿದವನಿಗೆ ಇದು ಸಣ್ಣ ನಷ್ಟವಲ್ಲ.

ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲ್ಯಾಂಡಿನಲ್ಲಿ ಅವನು ಮೊದಲೇ ಒಂದು ವಸಾಹತನ್ನು ಆರಂಭಿಸಿದ್ದನು. ಮೀನುಗಾರಿಕೆಯಿಂದ ಲಾಭ ಗಳಿಸುವುದು ಅದರ ಮೊದಲ ಉದ್ದೇಶವಾಗಿತ್ತೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಈಗ ಅವನು ಗುರುಗಳನ್ನು ಅಲ್ಲಿಗೆ ಕರೆದೊಯ್ದನು. ಒಂದೇ ನೆಲೆಯಲ್ಲಿ ಕಥೋಲಿಕರ ಬಲಿಪೂಜೆಯೂ ಪ್ರಾಟೆಸ್ಟಂಟರ ಆರಾಧನೆಯೂ ನಡೆದವು. ಇದನ್ನು ಸಹಿಸದ ಪ್ರಾಟೆಸ್ಟಂಟ್ ಬೋಧಕನೊಬ್ಬನು ಇಂಗ್ಲೆಂಡಿಗೆ ದೂರು ಒಯ್ದನು. 1628ರಲ್ಲಿ ಕುಟುಂಬಸಮೇತನಾಗಿ ಅಲ್ಲಿ ನೆಲೆಸಿದ ಕ್ಯಾಲ್ವರ್ಟನನ್ನು ಭೀಕರ ಚಳಿಗಾಲ ಸೋಲಿಸಿತು. ನೂರು ಮಂದಿಯಲ್ಲಿ ಐವತ್ತು ಮಂದಿ ಒಂದೇ ವೇಳೆ ಹಾಸಿಗೆ ಹಿಡಿದರು, ಒಂಬತ್ತು ಹತ್ತು ಜನ ಸತ್ತರು. ಬೆಚ್ಚಗಿನ ನೆಲವನ್ನರಸುತ್ತ ವರ್ಜೀನಿಯಕ್ಕೆ ಹೋದರೆ, ಅಲ್ಲಿಯೂ ಅದೇ ಪ್ರಮಾಣವಚನದ ಒತ್ತಾಯ. ಅವನು ಅಲ್ಲಿಯೂ ಒಪ್ಪಲಿಲ್ಲ.

ಇಂಗ್ಲೆಂಡಿಗೆ ಮರಳಿ, ವರ್ಜೀನಿಯದ ಉತ್ತರದ ಭೂಮಿಗಾಗಿ ಅರಸನನ್ನು ಬೇಡಿಕೊಂಡನು. ರಾಣಿ ಹೆನ್ರಿಯೆಟ್ಟಾ ಮರಿಯಳ ಹೆಸರಿನಿಂದ ಆ ನಾಡಿಗೆ ಮೇರಿಲ್ಯಾಂಡ್ ಎಂಬ ಹೆಸರು ಬಂದಿತು. ಆದರೆ ಸನ್ನದು ಮುದ್ರೆಯಾದದ್ದು 1632ರ ಜೂನ್ 20ರಂದು. ಕ್ಯಾಲ್ವರ್ಟನು ಏಪ್ರಿಲ್ 15ರಂದೇ ಕಣ್ಮುಚ್ಚಿದ್ದನು.

ತಂದೆಯ ಕನಸನ್ನು ಮಗ ಸೆಸಿಲನು ನೆರವೇರಿಸಿದನು. 'ಆರ್ಕ್' ಮತ್ತು 'ಡವ್' ಎಂಬ ಎರಡು ಹಡಗುಗಳಲ್ಲಿ ಹೊರಟ ಜನರಿಗೆ, ಮತವಿಷಯದಲ್ಲಿ ಪ್ರಾಟೆಸ್ಟಂಟರ ಮನ ನೋಯಿಸಬಾರದೆಂದು ಅವನು ಆಜ್ಞಾಪಿಸಿದನು. 1634ರ ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದಂದು, ಯೇಸುಸಭೆಯ ಆಂಡ್ರ್ಯೂ ವೈಟ್ ಗುರುಗಳು ಸಂತ ಕ್ಲೆಮೆಂಟರ ದ್ವೀಪದಲ್ಲಿ ಬಲಿಪೂಜೆ ಅರ್ಪಿಸಿದರು. ಕ್ರಿಸ್ತನನ್ನು ನಂಬುವ ಯಾರನ್ನೂ ಮತದ ಕಾರಣಕ್ಕಾಗಿ ಪೀಡಿಸಬಾರದೆಂಬ ಕಾನೂನು 1649ರಲ್ಲಿ ಜಾರಿಗೆ ಬಂದಿತು.

ಆ ಕಾನೂನು ಪರಿಪೂರ್ಣವಾಗಿರಲಿಲ್ಲ. ಕ್ರೈಸ್ತರಲ್ಲದವರಿಗೆ ಅದರ ರಕ್ಷಣೆಯಿರಲಿಲ್ಲ. ತ್ರೈಏಕ ದೇವರನ್ನು ಅಲ್ಲಗಳೆದವನಿಗೆ ಅದೇ ಕಾನೂನು ಮರಣದಂಡನೆಯನ್ನು ವಿಧಿಸಿತ್ತು. 1664ರಲ್ಲಿ ಅದೇ ನಾಡು ಕಪ್ಪು ಜನರ ಆಜೀವ ದಾಸ್ಯಕ್ಕೆ ಕಾನೂನಿನ ಮುದ್ರೆಯೊತ್ತಿತು. ವಿರೋಧಿಗಳ ಕೈ ಮೇಲಾದಾಗ ಆ ಸಹಿಷ್ಣುತೆಯೂ ಉಳಿಯಲಿಲ್ಲ. 1689ರಲ್ಲಿ ಕ್ಯಾಲ್ವರ್ಟರ ಆಡಳಿತ ಉರುಳಿತು. 1704ರಲ್ಲಿ ಸೇಂಟ್ ಮೇರೀಸ್ ಪಟ್ಟಣದ ಕಥೋಲಿಕ ದೇವಾಲಯಕ್ಕೆ ಬೀಗ ಬಿದ್ದಿತು. ತಾವು ಆಶ್ರಯ ನೀಡಿದ ನಾಡಿನಲ್ಲಿಯೇ ಕಥೋಲಿಕರು ಪರದೇಶಿಗಳಾದರು.

ಆದರೂ ಬಿತ್ತಿದ ಬೀಜ ಸಾಯಲಿಲ್ಲ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದವರಲ್ಲಿ ಏಕೈಕ ಕಥೋಲಿಕನಾದ ಚಾರ್ಲ್ಸ್ ಕ್ಯಾರೊಲನು ಮೇರಿಲ್ಯಾಂಡಿನವನು. 1789ರಲ್ಲಿ ಆ ದೇಶದ ಮೊದಲ ಧರ್ಮಾಧ್ಯಕ್ಷರಾಗಿ ಜಾನ್ ಕ್ಯಾರೊಲರು ನೇಮಕಗೊಂಡಾಗ, ಅವರ ಪೀಠವಾದದ್ದು ಬಾಲ್ಟಿಮೋರ್ ನಗರವೇ.

ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಲಾಗದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. ಬಲಾತ್ಕಾರದ ನೋವುಂಡ ಕ್ಯಾಲ್ವರ್ಟನು, ತನ್ನ ಕೈಗೆ ಅಧಿಕಾರ ಬಂದ ನೆಲದಲ್ಲಿ ಅದೇ ನೋವನ್ನು ಇತರರಿಗೆ ಉಣಿಸಲಿಲ್ಲ. ನಮಗಾಗಿ ಬೇಡುವ ಸ್ವಾತಂತ್ರ್ಯವನ್ನು ನೆರೆಯವನಿಗೂ ಮನಸಾರೆ ಬಯಸುವುದೇ ಆತನ ಬಾಳು ನಮಗೆ ಕಲಿಸುವ ಪಾಠ.